ಬಿಸ್ಕ ತಂದುಕೊಟ್ಟ ಕೆಂಪು ಗಿಟಾರು

ಚರ್ಮದ ಚೀಲದ ಬಾಯಿ ಬಿಚ್ಚಿದ ಆಮುದ್ ಒಳಗೇ ನೋಡುತ್ತ ನಿಂತ. ಚೀಲವೇನೋ ಅವನದೇ. ಹೆಂಡತಿ ಕೆಲ್ಲಾ ಕೂತು ಹೊಲಿದದ್ದು, ಹಸಿರು ಅಂಚು ಕೂಡ ಹಾಗೇ ಇತ್ತು. ಒಳಗಿದ್ದ ಗಿಟಾರು ಮಾತ್ರ ಅವನದಲ್ಲ. ಹೊಚ್ಚ ಹೊಸದು, ಮದುಮಗಳ ಗೋರಂಟಿಗಿಂತ ಕೆಂಪಗೆ ಹೊಳೆಯುತ್ತಿತ್ತು. ಹಿಂಬದಿಯಲ್ಲಿ ಅಂಗಡಿಯ ಚೀಟಿ ಕಿತ್ತ ಗುರುತು ಇನ್ನೂ ಅಂಟಂಟಾಗಿತ್ತು. ಒಂದು ತಂತಿ ಮೀಟಿದ. ಟೊಮೇಟೊ ಡಬ್ಬಕ್ಕೆ ಕಲ್ಲು ಬಿದ್ದ ಸದ್ದು ಬಂತು.

“ಇದೇನೋ ಇದು?”

“ಗಿಟಾರು,” ಅಂದ ಬಿಸ್ಕ.

“ನಂಗೂ ಕಣ್ಣಿದೆ. ನನ್ನದೆಲ್ಲಿ?”

“ನಿನ್ನದು ಸತ್ತೋಯ್ತು ಭಾವ. ಇದು ಅದರ ತಂಗಿ. ಅಕ್ಕ ಸತ್ರೆ ತಂಗೀನ ಕಟ್ಕೊಡಲ್ವಾ, ಹಾಗೆ ತಂದಿದೀನಿ.”

“ಸತ್ತಿದ್ದು ಹೇಗಪ್ಪಾ?”

“ದಾರೀಲಿ, ಲಾವುನಿ ಹತ್ರ, ಪಿಕಪ್ಪು ಮರಳಲ್ಲಿ ಹೂತ್ಕೊಳ್ತು. ಚಕ್ರದ ಕೆಳಗೆ ಹಾಕ್ಬಿಟ್ಟೆ.”

ಆಮುದ್ ಹೊಟ್ಟೆ ಹಿಡಿದುಕೊಂಡು ನಕ್ಕ. ಕೆಂಡದ ಮೇಲೆ ಚಹಾ ಇಟ್ಟಿದ್ದ ಕೆಲ್ಲಾಳೂ ನಕ್ಕಳು. ಬಿಸ್ಕ ಅವರಿಬ್ಬರ ಮುಖವನ್ನೂ ಒಂದೊಂದಾಗಿ ನೋಡಿ, ಕೊನೆಗೆ ತಾನೂ ನಕ್ಕ.

ನಗದೆ ಇನ್ನೇನು ಮಾಡಬೇಕಿತ್ತು ಹೇಳಿ? ಬಿಸ್ಕ ಆಮುದನ ಸೋದರತ್ತೆಯ ಮಗ. ಸಹಾರಾ ಮರುಭೂಮಿಯ ನಮ್ಮೂರು ತಮನ್‌ರಾಸೆತ್ತಿನ ತುವಾರೆಗ್ ಜನರಲ್ಲಿ ಸೋದರತ್ತೆ, ಸೋದರಮಾವಂದಿರ ಮಕ್ಕಳ ಬಾಯಿಂದ ಪರಸ್ಪರ ಒಂದು ನೆಟ್ಟಗಿನ ಮಾತು ಬಂತೆಂದರೆ ಸೂರ್ಯ ಯಾವ ಕಡೆ ಹುಟ್ಟಿದ ಎಂದು ಹೊರಗೆ ಹೋಗಿ ನೋಡಬೇಕು. ಸುಳ್ಳು ಹೇಳುವುದು, ಹೀಯಾಳಿಸುವುದು, ಕಣ್ಣೆದುರಿನಲ್ಲೇ ಸಾಮಾನು ಎತ್ತಿಕೊಂಡು ಹೋಗುವುದು, ಎಲ್ಲಕ್ಕೂ ಅಪ್ಪಣೆ ಉಂಟು. ಸಿಟ್ಟು ಮಾಡಿಕೊಳ್ಳುವುದಕ್ಕೆ ಮಾತ್ರ ಇಲ್ಲ. ಸಿಟ್ಟಾದವನ ಮರ್ಯಾದೆ ಮೂರು ಕಾಸಿಗೆ ಹೋಯಿತೆಂದೇ ಲೆಕ್ಕ. ಒಮ್ಮೆ ಆಮುದ್ ಸಂತೆಯ ನಡುವೆ ನಿಂತು ಬಿಸ್ಕ ತೀರಿಕೊಂಡನೆಂದು ಸಾರಿಬಿಟ್ಟಿದ್ದ. ಜನ ಅಳುಮುಖ ಮಾಡಿಕೊಂಡು ಮನೆಗೆ ಹೋದರೆ ಸತ್ತವನು ಅಂಗಳದಲ್ಲಿ ಮೇಕೆಯ ಗೊರಸು ಕತ್ತರಿಸುತ್ತ ಕೂತಿದ್ದ. ಅದಕ್ಕೆ ಬಿಸ್ಕ ಆಮುದನ ಮದುವೆಯ ದಿನ ಸೇಡು ತೀರಿಸಿಕೊಂಡ. ಹೆಣ್ಣಿನ ಕಡೆಯವರೆಲ್ಲ ಕೂತಿದ್ದಾಗ, “ಹುಡುಗ ಬಂಗಾರ. ಹಾಸಿಗೆ ಒದ್ದೆ ಮಾಡೋದೊಂದು ಬಿಟ್ರೆ,” ಎಂದ. ಹೀಗೇ ನಲವತ್ತು ವರ್ಷ ನಡೆದುಕೊಂಡು ಬಂದಿತ್ತು.

ಇದರ ಉಲ್ಟಾ ಇದೆಯಲ್ಲ, ಅದು ಭಯಂಕರ. ಬಾವಿಯ ವಿಷಯಕ್ಕೆ ಮನಸ್ಸು ಮುರಿದುಕೊಂಡ ಇಂಥ ಸಂಬಂಧದವರೇ ಇಬ್ಬರು ನಮ್ಮ ಕೇರಿಯಲ್ಲಿದ್ದಾರೆ. ಎದುರಾದರೆ ರುಮಾಲಿನ ಮುಸುಕನ್ನು ಮೂಗಿನ ಮೇಲೆ ಎಳೆದುಕೊಳ್ಳುತ್ತಾರೆ, ಮನೆಯವರ ಆರೋಗ್ಯವನ್ನೆಲ್ಲ ವಿಚಾರಿಸುತ್ತಾರೆ, ತಲೆತಗ್ಗಿಸಿ ಮುಂದೆ ಹೋಗುತ್ತಾರೆ. ಹೆಣ್ಣು ಕೊಟ್ಟ ಮಾವನ ಮುಂದೆ ಇರಬೇಕಾದ ವಿನಯ ಅದು. ಅವರನ್ನು ನೋಡಿದರೆ ಊರವರು ಬೇರೆ ದಾರಿ ಹಿಡಿಯುತ್ತಾರೆ.

ಆಮುದನ ಹಳೆಯ ಗಿಟಾರಿನ ಹೆಸರು ತಲಮ್ತ್, ಅಂದರೆ ಹೆಣ್ಣೊಂಟೆ. ಇಪ್ಪತ್ತರ ವಯಸ್ಸಿನಲ್ಲಿ ಆಮುದ್ ಗಡಿ ದಾಟಿ ಲಿಬಿಯಾದ ಸೆಬ್ಹಾಗೆ ಹೊರಟಾಗ ಅಪ್ಪ, ಮಾರಿಕೊಂಡು ಬಾ ಎಂದು ಒಂದು ಬಿಳಿ ಹೆಣ್ಣೊಂಟೆಯನ್ನು ಜೊತೆಗೆ ಕಳಿಸಿದ್ದ. ಮಗರಾಯ ಅದನ್ನು ಕೊಟ್ಟು ಗಿಟಾರು ಹಿಡಿದುಕೊಂಡು ಬಂದ. ಅಪ್ಪ ಒಂದು ವರ್ಷ ಮಾತು ಬಿಟ್ಟ. ಆಮೇಲೆ ಒಂದು ಸಂಜೆ ಅದರ ಸದ್ದು ಕೇಳಿ, “ಹಾಲು ಕೊಡಲ್ಲ, ಆದ್ರೂ ಒಂಟೆಗಿಂತ ಚೆನ್ನಾಗಿ ಕೂಗತ್ತೆ,” ಅಂದ. ಮೈ ಜೇನುಬಣ್ಣ. ಬೆರಳು ತಾಗಿ ತಾಗಿ ಒಂದು ಕಡೆ ಮರವೇ ತಗ್ಗಾಗಿತ್ತು. ಬಿರುಕು ಬಿಟ್ಟಲ್ಲಿ ಜಾಲಿಯ ಅಂಟು ತುಂಬಿತ್ತು, ತಂತಿ ಬಿಗಿಯುವ ಕಿವಿಯೊಂದು ಮುರಿದಾಗ ಕಮ್ಮಾರ ಖಮಿದುನ್ ಹಿತ್ತಾಳೆಯದು ಮಾಡಿ ಕೂಡಿಸಿದ್ದ. ಬೇರೆಯವರ ಗಿಟಾರುಗಳು ಬಿಸಿಲಿಗೆ ಶ್ರುತಿ ಬಿಟ್ಟುಕೊಟ್ಟರೆ ಇದು ಜಪ್ಪಯ್ಯ ಅನ್ನುತ್ತಿರಲಿಲ್ಲ. ಆಮುದ್ ಹಗಲೆಲ್ಲ ಗ್ಯಾರೇಜಿನಲ್ಲಿ ಟೈರು ಬಿಚ್ಚಿ ತೇಪೆ ಹಾಕುವ ಆಸಾಮಿ. ಸಂಜೆ ಇದನ್ನು ತೊಡೆಯ ಮೇಲಿಟ್ಟುಕೊಂಡಾಗಲೇ ತಾನೂ ಒಬ್ಬ ಮನುಷ್ಯ ಅನ್ನಿಸುವುದು. ಬೇರೆ ಗಿಟಾರಿನ ಮೇಲೆ ಅವನ ಕೈ ಓಡುತ್ತಲೇ ಇರಲಿಲ್ಲ. ಮನೆಗೆ ಬೆಂಕಿ ಬಿದ್ದರೆ ಮೊದಲು ಎತ್ತುವುದು ಇದನ್ನೇ ಎಂದು ಹೆಂಡತಿಯ ಎದುರೇ ಹೇಳಿದ್ದ. “ಎತ್ಕೋ ಮಾರಾಯ, ನನಗೆ ಕಾಲಿದೆ,” ಅಂದಿದ್ದಳು ಕೆಲ್ಲಾ.

ಅಂಥದ್ದನ್ನು ಕೊಟ್ಟದ್ದಾದರೂ ಯಾಕೆ ಅಂತೀರಾ? ದಕ್ಷಿಣದ ಗಡಿಯೂರು ಇನ್ ಗೆಝಾಮಿನಲ್ಲಿ ಬಿಸ್ಕನ ತಂಗಿಯ ಮಗಳ ಮದುವೆ. ಆಮುದನೇ ಹೋಗಿ ನುಡಿಸಬೇಕಿತ್ತು, ಹೊರಡುವ ದಿನ ಜ್ವರ ಬಂತು. ಬಿಸ್ಕ ಬಾಗಿಲಲ್ಲಿ ನಿಂತು, “ನೀನು ಬರದಿದ್ರೆ ಯಾರೂ ಅಳಲ್ಲ. ಅವಳನ್ನ ಕಳಿಸು ಸಾಕು,” ಅಂದ. “ನಿನ್ನ ಕೈಗೆ ಕೊಡೋ ಬದಲು ಕತ್ತೆ ಕೊರಳಿಗೆ ಕಟ್ತೀನಿ,” ಅಂದ ಆಮುದ್. ತಗೊಂಡು ಹೋಗು ಎನ್ನುವುದನ್ನು ಇವರು ಹೇಳುವ ರೀತಿಯೇ ಅದು. ಜ್ವರದಲ್ಲೇ ಎದ್ದು ಕೂತು ಶ್ರುತಿ ಮಾಡಿ, ಚೀಲಕ್ಕಿಳಿಸಿ, ದಾರ ಬಿಗಿದು ಕೊಟ್ಟ.

ಕೆಂಪು ಗಿಟಾರು ಬಂದ ಮೊದಲ ವಾರ ಆಮುದ್ ಖುಷಿಯಾಗೇ ಇದ್ದ. ಎಲ್ಲೋ ಬಚ್ಚಿಟ್ಟಿದ್ದಾನೆ ಖದೀಮ, ಈ ಸಲ ಸ್ವಲ್ಪ ದೊಡ್ಡದಕ್ಕೇ ಕೈ ಹಾಕಿದ್ದಾನೆ ಎಂದುಕೊಂಡ. ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಿಸ್ಕನ ಮನೆಗೆ ನುಗ್ಗಿ ಶೋಧಿಸತೊಡಗಿದ. ಗೋಧಿಯ ಮೂಟೆಗೆ ಕೈ ಹಾಕಿದ, ಹಾಸಿಗೆ ಮಗುಚಿದ, ಮೇಕೆಯ ಕೊಟ್ಟಿಗೆಗೂ ತಲೆ ತೂರಿಸಿದ. ಬಿಸ್ಕ ಗೋಡೆಗೆ ಒರಗಿ ನೋಡುತ್ತ ಕೂತಿದ್ದ.

“ಹೇಳಿದ್ನಲ್ಲೋ,” ಅಂದ. “ಗಾಳಿ ಎದ್ದಿತ್ತು. ನನ್ನ ಕೈ ನನಗೇ ಕಾಣ್ತಿರ್ಲಿಲ್ಲ. ಚಕ್ರಕ್ಕೆ ಹಿಡಿತ ಸಿಗೋ ಹಾಗೆ ಕೆಳಗೆ ಹಾಕೋಕೆ ಏನಾದ್ರೂ ಕೊಡ್ರೋ ಅಂತ ಕೂಗ್ದೆ, ಮೇಲಿಂದ ಯಾರೋ ಏನೋ ಕೊಟ್ರು. ಸುತ್ತಿಟ್ಟ ಚಾಪೆ ಅನ್ಕೊಂಡು ತುರುಕಿದೆ.”

“ಹೂಂ ಹೂಂ. ಚೀಲಕ್ಕೆ ಒಂದು ಗೀರೂ ಬಿದ್ದಿಲ್ವಲ್ಲ, ಅದಕ್ಕೇನು ಕತೆ ಕಟ್ಟಿದೀಯ?”

“ಚೀಲದಲ್ಲಿರ್ಲಿಲ್ಲ. ಚೀಲಕ್ಕೆ ಹೆಂಗಸರು ಮದುವೆ ಬಟ್ಟೆ ತುಂಬ್ಕೊಂಡಿದ್ರು. ಗಿಟಾರನ್ನ ಕಂಬಳೀಲಿ ಸುತ್ತಿದ್ರು.”

“ವಾರೆವ್ವಾ!” ಆಮುದ್ ಚಪ್ಪಾಳೆ ತಟ್ಟಿದ. “ಕಂಬಳಿ ಬೇರೆ! ಎಷ್ಟು ದಿನ ಕೂತು ಯೋಚಿಸ್ದೆ ಇದನ್ನ?”

ಬಿಸ್ಕ ಎದ್ದು ಮಗುಚಿದ ಹಾಸಿಗೆಯನ್ನು ಸರಿಮಾಡತೊಡಗಿದ. ಆಮುದ್ ಹೋಗುವಾಗ ಅವನ ಚಹಾದ ಕೆಟಲನ್ನು ಎತ್ತಿಕೊಂಡು, “ತಲಮ್ತ್ ಮನೆಗೆ ಬಂದ ದಿನ ಇದೂ ಬರತ್ತೆ,” ಎಂದು ಕೂಗಿ ಹೇಳಿ ಬಂದ.

ಇಲ್ಲಿಂದ ಶುರುವಾಯಿತು ನೋಡಿ ತಲೆಬಿಸಿ. ಪದ್ಧತಿಯ ಪ್ರಕಾರ ಕೆಟಲು ಹೋದ ಮೂರು ದಿನದೊಳಗೆ ಬಿಸ್ಕ ಬಂದು ಆಮುದನ ಮನೆಯಿಂದ ಅದಕ್ಕಿಂತ ದೊಡ್ಡದೊಂದನ್ನು ಹಾರಿಸಬೇಕು. ಹಾರಿಸಲಿ ಎಂದೇ ಆಮುದ್ ಗಾಡಿ ಎತ್ತುವ ಜಾಕನ್ನು ಬಾಗಿಲ ಹತ್ತಿರವೇ ಇಟ್ಟುಕೊಂಡು ಕಾದ. ವಾರ ಕಳೆಯಿತು, ಎರಡಾಯಿತು. ಬಿಸ್ಕ ಬರಲಿಲ್ಲ. ಪಕ್ಕದ ಮನೆಯಿಂದ ಕೆಟಲು ಸಾಲ ತಂದು ಚಹಾ ಕಾಯಿಸುತ್ತಿದ್ದಾನಂತೆ ಎಂದು ಸುದ್ದಿ ಬಂತು. ಸಂತೆಯಲ್ಲಿ ಆಮುದ್ ದೂರದಿಂದಲೇ, “ಗಿಟಾರುಗಳ್ಳ ಬಂದ, ಜೇಬು ನೋಡ್ಕೊಳ್ರಪ್ಪೋ!” ಎಂದು ಕೂಗಿದರೆ, ಬಿಸ್ಕ ಕೈಯೆತ್ತಿ ಒಂದು ಅರೆಬರೆ ನಗು ನಕ್ಕು ಈರುಳ್ಳಿಯ ಅಂಗಡಿಯ ಹಿಂದೆ ಮರೆಯಾದ. ಇದೆಂಥ ನಗು? ಇವನು ಇಷ್ಟು ಚೆನ್ನಾಗಿ ನಟಿಸುವುದನ್ನು ಯಾವಾಗ ಕಲಿತ? ಅಥವಾ ನಟನೆಯೇ ಅಲ್ಲವೋ? ಅಲ್ಲವಾದರೆ ತಲಮ್ತ್? ಇಷ್ಟಕ್ಕೆ ಬಂದಾಗ ಆಮುದ್ ಬೇಗಬೇಗ ವಾಪಸು ಮೊದಲಿನ ಯೋಚನೆಗೇ ಹೋಗುತ್ತಿದ್ದ. ನಟನೆಯೇ. ನಟನೆಯೇ ಇರಬೇಕು.

“ನೇರ ಕೇಳ್ಬಿಡು,” ಅಂದಳು ಕೆಲ್ಲಾ.

“ಕೇಳಿದ್ರೆ ಹೇಳೋದೇನು? ಚಕ್ರದ ಕೆಳಗೆ ಹೋಯ್ತು ಅಂತಾನೆ.”

“ಹೋಗಿದ್ರೆ?”

“ಗಿಟಾರನ್ನ ಯಾರಾದ್ರೂ ಚಕ್ರದ ಕೆಳಗೆ ಹಾಕ್ತಾರೇನೇ? ಹುಚ್ಚನೂ ಹಾಕಲ್ಲ.”

“ನಿನ್ನ ಭಾವ ಹುಚ್ಚನಲ್ಲ ಅಂತ ಇವತ್ತೇ ಕೇಳಿದ್ದು ನಾನು,” ಅಂದಳು. ಆಮೇಲೆ, “ಇಳಿದೋಗಿದಾನೆ ಕಣೋ. ಕೆನ್ನೆ ಒಳಗೆ ಹೋಗಿದೆ,” ಎಂದಳು. ಅದು ಆಮುದನಿಗೆ ಬೇಕಿರಲಿಲ್ಲ. ಎದ್ದು ಹೊರಗೆ ಹೋದ.

ಈ ನಡುವೆ ಹಿಂದಿನ ಬೀದಿಯಲ್ಲಿ ಒಂದು ಮದುವೆ ಬಂತು. ಇಲ್ಲ ಅನ್ನಲಾಗದೆ ಆಮುದ್ ಕೆಂಪು ಗಿಟಾರನ್ನೇ ಹಿಡಿದು ಕೂತ. ಎರಡನೇ ಹಾಡಿಗೇ ಶ್ರುತಿ ಜಾರಿತು. ಬೆರಳು ತಗ್ಗು ಹುಡುಕಿಕೊಂಡು ಹೋಗಿ ನುಣ್ಣನೆ ಹಲಗೆಯ ಮೇಲೆ ಜಾರಿ ಬಿತ್ತು. ಹೆಂಗಸರ ನಡುವಿನಿಂದ ಒಬ್ಬ ಮುದುಕಿ, “ಯಾರವ್ವಾ ಅದು ಡಬ್ಬ ಬಡೀತಿರೋದು, ನಿಲ್ಸಿ ಆಮುದನ್ನ ಕರೀರಿ,” ಅಂದಳು. ಎಲ್ಲರೂ ನಕ್ಕರು. ಆಮುದನೂ ನಕ್ಕ, ಆದರೆ ಊಟಕ್ಕೆ ನಿಲ್ಲಲಿಲ್ಲ. ಮನೆಗೆ ಬಂದು ಗಿಟಾರನ್ನು ಮೂಲೆಗೆ ಎಸೆದು, ಅವತ್ತು ಮೊದಲ ಸಲ ಬಾಯಿಬಿಟ್ಟು, “ನನ್ನದು ನನಗೆ ಬೇಕು,” ಎಂದ. ಕೇಳುವವರು ಯಾರೂ ಇರಲಿಲ್ಲ.

ನೇರ ಕೇಳುವುದೆಂದರೆ ಮುಸುಕು ಏರಿಸಿಕೊಂಡು, ಸಾವಧಾನವಾಗಿ, ಪರರಂತೆ ಕೇಳಬೇಕು. ಅದು ತಮಾಷೆಯೇ ಆಗಿದ್ದರೆ ಊರಿಗೆ ಊರೇ ಆಮುದನನ್ನು ಸಾಯುವ ತನಕ ಆಡಿಕೊಳ್ಳುತ್ತದೆ. ಅಲ್ಲದಿದ್ದರೆ ಬಿಸ್ಕ ಕಳೆದುಹೋಗುತ್ತಾನೆ. ತುಂಬ ಯೋಚಿಸಿ, ತಲೆ ಮೊಸರುಗಡಿಗೆಯಾಗಿ, ಕೊನೆಗೆ ಕಮ್ಮಾರ ಖಮಿದುನನ ಹತ್ತಿರ ಹೋದ. ಕಮ್ಮಾರರಿಗೆ ನಮ್ಮ ಸಂಕೋಚಗಳಿಲ್ಲ. ನಾವು ಕೇಳಲಾರದ್ದನ್ನು ಕೇಳಿಕೊಂಡು ಬರುವುದು, ಆಡಲಾರದ್ದನ್ನು ಆಡುವುದು ತಲೆತಲಾಂತರದಿಂದ ಅವರ ಕೆಲಸ.

“ಒಂದು ಮಾತು ಕೇಳ್ಕೊಂಡು ಬರ್ಬೇಕಲ್ಲ ಖಮಿದುನ್. ಬಿಸ್ಕನ ಹತ್ರ.”

ಖಮಿದುನ್ ಅರದಿಂದ ಬೆಳ್ಳಿಯ ಉಂಗುರ ಉಜ್ಜುತ್ತಿದ್ದವನು ತಲೆಯೆತ್ತಲಿಲ್ಲ. “ಅಂತೂ ಬಂದೆಯಲ್ಲಣ್ಣಾ. ನೀವಿಬ್ಬರೂ ಸೇರಿ ನನ್ನ ಹೊಟ್ಟೆ ಒಡೆಯೋ ಹಾಗೆ ಮಾಡಿದೀರಿ. ಹೇಳ್ಬೇಡ ಅಂತ ಅವನು ಆಣೆ ಇಡಿಸ್ಕೊಂಡಿದಾನೆ. ಹೇಳಲ್ಲ. ಆ ಮೂಲೇಲಿ ಗೋಣಿಚೀಲ ಇದೆ. ನೋಡ್ಬೇಡ ಅಂತ ನನಗೆ ಯಾರೂ ಹೇಳಿಲ್ಲ.”

ಆಮುದ್ ಗೋಣಿಚೀಲವನ್ನು ನೆಲಕ್ಕೆ ಸುರಿದ. ಜೇನುಬಣ್ಣದ ಚೂರುಗಳು. ಕತ್ತು ಮೂರು ತುಂಡು. ತುದಿಯಲ್ಲಿ ಹಿತ್ತಾಳೆಯ ಕಿವಿ. ಹಿಂಬದಿಯ ಹಲಗೆಯೊಂದೇ ಅಂಗೈಯಗಲ ಉಳಿದಿತ್ತು, ಅದರ ಮೇಲೆ ಟೈರಿನ ಅಚ್ಚು ಸ್ಪಷ್ಟವಾಗಿ ಮೂಡಿತ್ತು. ಅಚ್ಚಿನ ನಡುವೆ ಅಡ್ಡವಾಗಿ, ಹರಿದ ಟೈರಿಗೆ ಹಾಕಿದ ಹೊಲಿಗೆಯ ಗೆರೆ. ಆ ಹೊಲಿಗೆಯನ್ನು ಆಮುದ್ ತಾನೇ ಹಾಕಿದ್ದ. ಬಿಸ್ಕನ ಪಿಕಪ್ಪಿನ ಹಿಂದಿನ ಎಡ ಚಕ್ರ, ಮದುವೆಗೆ ಹೊರಡುವ ಹತ್ತು ದಿನ ಮೊದಲು.

“ಮೊದಲ ದಿನಾನೇ ಹೇಳ್ದೆ ಅವನಿಗೆ, ಇದು ಒಲೆಗೇ ಲಾಯಕ್ಕು ಅಂತ,” ಅಂದ ಖಮಿದುನ್. “ಕೇಳಲ್ಲ. ದಿನಾ ಬೆಳಗ್ಗೆ ಬಂದು ಚೂರು ಜೋಡಿಸ್ತಾನೆ. ಅಂಟು ಹಾಕು ಅಂತಾನೆ. ನಾನು ಹಾಕ್ತೀನಿ, ಅದು ಬಿಟ್ಕೊಳ್ಳತ್ತೆ.”

ಆಮುದ್ ಹಿತ್ತಾಳೆಯ ಕಿವಿಯಿದ್ದ ತುಂಡನ್ನು ಕೈಗೆತ್ತಿಕೊಂಡು ಕೂತ. ಮೂವತ್ತು ವರ್ಷದ ಜೊತೆ ಗೋಣಿಚೀಲದಲ್ಲಿತ್ತು. ಅದೊಂದು ಕಡೆಯಾದರೆ, ಬಿಸ್ಕ ನಿಜ ಹೇಳಿದ್ದನಲ್ಲ ಎಂಬುದು ಇನ್ನೊಂದು ಕಡೆ. ಬಂದ ದಿನವೇ ಹೇಳಿದ್ದ. ಕಂಬಳಿಯನ್ನೂ ಗಾಳಿಯನ್ನೂ ಬಿಡದೆ ಹೇಳಿದ್ದ. ಎದುರಿಗೆ ನಿಂತು ಚಪ್ಪಾಳೆ ತಟ್ಟಿದವನು ತಾನು. ಛೆ! ಆದರೆ ಹೇಳುವಾಗ ಅಕ್ಕ, ತಂಗಿ ಎಂದೆಲ್ಲ ಆಡುವ ಅಗತ್ಯವೇನಿತ್ತು ಅವನಿಗೆ? ನೆಟ್ಟಗೆ ಹೇಳಿದ್ದರೆ? ನೆಟ್ಟಗೆ ಹೇಳಿದ್ದರೂ ತಾನು ನಗುತ್ತಿದ್ದ. ಅಯ್ಯೋ, ಯಾರ ಮೇಲೆ ಉರಿದುಬೀಳಬೇಕೆಂದೇ ತಿಳಿಯದೆ ಆಮುದ್ ಚೂರುಗಳನ್ನು ತುಂಬಿಟ್ಟು ಎದ್ದ. ಆಗಿದ್ದು ಆಯಿತು, ಹೋಗಲಿ ಬಿಡು ಅಂದುಬಿಡುತ್ತೇನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದ.

ಮರುದಿನ ಶುಕ್ರವಾರ. ನಮಾಜು ಮುಗಿದ ಮೇಲೆ ಬಿಸ್ಕ ಬಂದ. ಖಮಿದುನನ ಬಾಯಿ ಸುಮ್ಮನಿರುತ್ತದೆಯೇ, ಸುದ್ದಿ ತಲುಪಿಸಿಬಿಟ್ಟಿದ್ದ. ಎಂದಿನಂತೆ ಬಾಗಿಲು ಒದ್ದು ಬರಲಿಲ್ಲ ಬಿಸ್ಕ. ಹೊರಗೇ ಚಪ್ಪಲಿ ಬಿಟ್ಟು, ಕೆಮ್ಮಿ, ಕರೆಯುವವರೆಗೂ ನಿಂತ. ಒಗೆದ ಬಟ್ಟೆ ಹಾಕಿದ್ದ. ಮುಸುಕು ಕಣ್ಣಿನ ತನಕ ಏರಿತ್ತು. ಒಳಗೆ ಬಂದು ಚಾಪೆಯ ಅಂಚಿನಲ್ಲಿ, ನೆಂಟಸ್ತಿಕೆ ಕೇಳಲು ಬಂದ ಪರವೂರಿನವನಂತೆ ಕೂತ. ಕೆಲ್ಲಾಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

“ಆರೋಗ್ಯವಾಗಿದ್ದೀರಾ?” ಅಂದ ಬಿಸ್ಕ, ನೆಲ ನೋಡುತ್ತ. “ಮನೆಯವರು ಚೆನ್ನಾಗಿದ್ದಾರಾ? ಮಕ್ಕಳು? ಮೇಕೆಗಳು?”

ಬಾವಿಯ ವಿಷಯಕ್ಕೆ ಮುರಿದುಕೊಂಡ ಆ ಇಬ್ಬರು ಆಮುದನ ನೆನಪಿಗೆ ಬಂದರು.

“ನಿಮ್ಮ ವಸ್ತು ನನ್ನ ಕೈಯಲ್ಲಿ ಹಾಳಾಯ್ತು. ತಪ್ಪು ನನ್ನದು. ನೀವು ಏನು ಹೇಳಿದ್ರೂ ನಾನು ಒಪ್ಕೋತೀನಿ.”

ಹೋಗಲಿ ಬಿಡಿ. ಎರಡೇ ಮಾತು. ಆಮುದ್ ಅದನ್ನು ನಾಲಿಗೆಯ ತುದಿಗೆ ತಂದುಕೊಂಡಿದ್ದ. ಅಂದುಬಿಟ್ಟರೆ ಎಲ್ಲ ಮರ್ಯಾದೆಯಿಂದ ಮುಗಿಯುತ್ತದೆ. ಆಮೇಲೆ ಸಾಯುವವರೆಗೂ ಬೀದಿಯಲ್ಲಿ ಎದುರಾದಾಗ ಮೇಕೆಗಳ ಆರೋಗ್ಯ ವಿಚಾರಿಸಿಕೊಂಡಿರಬಹುದು. ಅವನು ಬಾಯಿ ತೆರೆದ. ಹೊರಗೆ ಬಂದದ್ದೇ ಬೇರೆ.

“ಕತ್ತೆ! ಕತ್ತೆಗೆ ಹುಟ್ಟಿದ ಹೇಸರಗತ್ತೆ! ಮೂವತ್ತು ವರ್ಷ ಕಣೋ, ಮೂವತ್ತು ವರ್ಷ! ಕಂಬಳಿ ಬಿಚ್ಚಿ ನೋಡೋಕೆ ನಿಂಗೇನು ಬಂದಿತ್ತು ರೋಗ? ಕೈಗೆ ತಗೊಂಡಾಗ ತಂತಿ ಸದ್ದು ಮಾಡ್ಲಿಲ್ವಾ? ಕಿವೀಲಿ ಮರಳು ತುಂಬಿತ್ತಾ, ಸಗಣಿ ತುಂಬಿತ್ತಾ? ಅಷ್ಟು ಬೇಕಾಗಿದ್ರೆ ನಿನ್ನ ಕಾಲು ಕೊಡ್ಬೇಕಿತ್ತು ಚಕ್ರಕ್ಕೆ! ನಿನ್ನ ತಲೆ ಕೊಡ್ಬೇಕಿತ್ತು, ಅದಂತೂ ಯಾವ ಕೆಲಸಕ್ಕೂ ಬರಲ್ಲ!”

ದನಿ ಸೀಳಿಹೋಗಿತ್ತು. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಒಂದೊಂದಾಗಿ ಕಿತ್ತುಕೊಂಡು ಬಂತು. ಬಿಸ್ಕ ತಲೆ ಇನ್ನಷ್ಟು ತಗ್ಗಿಸಿದ. ಅವನ ಭುಜ ಕುಲುಕಾಡತೊಡಗಿತು. ಅಳುತ್ತಿದ್ದಾನೆ, ಅಳಲಿ ಎಂದುಕೊಂಡ ಆಮುದ್, ಇನ್ನೂ ಜೋರಾಗಿ ಬೈದ.

ಬಿಸ್ಕ ತಲೆಯೆತ್ತಿದ. ಮುಸುಕು ಗಲ್ಲಕ್ಕೆ ಜಾರಿತ್ತು. ಅವನು ನಗುತ್ತಿದ್ದ.

“ತಲೆ ಕೊಡ್ತಿದ್ದೆ ಭಾವ,” ಅಂದ. “ಟೈರು ಹರಿದು ನಿಂಗೆ ತೇಪೆ ಹಾಕೋ ಕೆಲಸ ಹೆಚ್ಚಾಗತ್ತೆ ಅಂತ ಸುಮ್ನಾದೆ.”

ಕೆಲ್ಲಾ ಲೋಟ ಕೆಳಗಿಟ್ಟು ಬಿದ್ದು ಬಿದ್ದು ನಕ್ಕಳು. ಗೋಡೆಯಾಚೆ ಕಿವಿಗೊಟ್ಟಿದ್ದ ನೆರೆಮನೆಯವಳು ಕೂಡ ನಕ್ಕಳು, “ಅಬ್ಬಾ, ಬೈದ! ಬೈದ ಕಣ್ರೇ! ನಂಟು ಉಳೀತು!” ಎಂದು ಒಳಗಿನವರಿಗೆ ಕೂಗಿ ಹೇಳಿದಳು.

“ನಗ್ಬೇಡ್ರೋ!” ಆಮುದ್ ಕಿರುಚಿದ. “ತಮಾಷೆಗಲ್ಲ! ನಿಜವಾಗ್ಲೂ ಬೈತಿದೀನಿ! ನಂಗೆ ನಿಜವಾಗ್ಲೂ ಸಿಟ್ಟು ಬಂದಿದೆ!”

ನಗು ಇಮ್ಮಡಿಯಾಯಿತು. ಬಿಸ್ಕ ಚಾಪೆಯ ಮೇಲೆ ಉರುಳಿ, ಆಮುದನದೇ ದಿಂಬನ್ನು ತಲೆಯಡಿಗೆ ಎಳೆದುಕೊಂಡ. ಎಷ್ಟೋ ದಿನದಿಂದ ನಿದ್ದೆ ಕಾಣದ ಮುಖ ಅವನದು, ಈಗ ಸಡಿಲವಾಗಿತ್ತು. “ಕೆಲ್ಲಾ, ಚಹಾ ಕೊಡೇ. ಸಕ್ಕರೆ ಜಾಸ್ತಿ ಹಾಕು, ನಿನ್ನ ಗಂಡನ ಬಾಯಿ ಕಹಿ ಆಗಿದೆ,” ಅಂದ.

ಆಮುದ್ ಕೋಣೆಯ ನಡುವೆ ನಿಂತೇ ಇದ್ದ. ತಾನು ಅಂದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದು ಈಗ ಯಾರಿಗೆ ಹೇಳುವುದು? ಕೇಳುವವರು ಯಾರು? ಕ್ಷಮಿಸಿಬಿಟ್ಟೆನೋ ಎಂದು ಒಳಗೆ ಹುಡುಕಿ ನೋಡಿದ, ಏನೂ ಸಿಗಲಿಲ್ಲ. ಇವನು ಎದ್ದುಹೋಗಲಿ ಎಂದು ಬಯಸಿದೆನೋ ಎಂದು ನೋಡಿದ, ಅದೂ ಇರಲಿಲ್ಲ. ಚಾಪೆಯ ಮೇಲೆ ಕೂತ. ಕೆಲ್ಲಾ ಕೈಗೆ ಲೋಟ ಕೊಟ್ಟಳು. ಒಂದು ಗುಟುಕು ಕುಡಿದದ್ದೇ ಕಣ್ಣು ತುಂಬಿ, ನೀರು ಗಡ್ಡಕ್ಕೆ ಇಳಿಯಿತು.

ಬಿಸ್ಕ ಮೊಣಕೈಯೂರಿ ಎದ್ದು ಅವನ ಮುಖ ನೋಡಿದ. “ನೋಡೇ ಕೆಲ್ಲಾ,” ಎಂದು ತೊಡೆ ತಟ್ಟಿಕೊಂಡ, “ನಕ್ಕೂ ನಕ್ಕೂ ಇವನ ಕಣ್ಣಲ್ಲೇ ನೀರು ಬಂದ್ಬಿಟ್ಟಿದೆ.”